ಲ್ಯಾನ್ಸರ್ ಎವಲ್ಯೂಷನ್: 1992ರಿಂದ ಕೊನೆಯವರೆಗೆ ಯಾವ ಆವೃತ್ತಿಯಲ್ಲಿ ಏನು ಬದಲಾಯಿತು, ಏಕೆ ಬದಲಾಯಿತು?

ತುಂಗಾತೀರ (ಶಿವಮೊಗ್ಗ)

ಜಪಾನಿನ ಮಿತ್ಸುಬಿಷಿ ಕಂಪನಿಯ ಲ್ಯಾನ್ಸರ್ ಎವಲ್ಯೂಷನ್ (ಚಿಕ್ಕದಾಗಿ ಎವೊ) ಕಾರಿನ ಬಗ್ಗೆ ಈ ವೇದಿಕೆಯಲ್ಲಿ ಬಿಡಿಬಿಡಿಯಾಗಿ ಸಾಕಷ್ಟು ಮಾತು ಬಂದಿದ್ದರೂ, ಯಾವ ವರ್ಷ ಯಾವ ಭಾಗ ಬದಲಾಯಿತು, ಅದು ಬದಲಾಗಲು ಕಾರಣವೇನು ಎಂಬುದನ್ನು ಒಂದೇ ಕಡೆ ಯಾರೂ ಬರೆದಿಟ್ಟಿಲ್ಲ. ಆ ಕೆಲಸವನ್ನು ಆರಂಭಿಸುತ್ತಿದ್ದೇನೆ. ಬಿಟ್ಟುಹೋದದ್ದನ್ನು ತಿಳಿದವರು ಸೇರಿಸಬೇಕು, ಒಪ್ಪದವರು ಕಾರಣ ಸಹಿತ ಹೇಳಬೇಕು. ನನ್ನ ವಾದ ಇಷ್ಟು: ಈ ಕಾರಿನ ಮೊದಲ ಆರು ಆವೃತ್ತಿಗಳ ಒಂದೊಂದು ಬದಲಾವಣೆಯ ಹಿಂದೆಯೂ ರ್ಯಾಲಿಯ ನಿಯಮಪುಸ್ತಕವಿದೆ, ಆ ಪುಸ್ತಕದ ಹಿಡಿತ ಸಡಿಲವಾದ ಮೇಲೆ ಬಂದವುಗಳ ಜಾಯಮಾನವೇ ಬೇರೆ.

ನಿಯಮದಿಂದಲೇ ಆರಂಭಿಸೋಣ. 1987ರಿಂದ ವಿಶ್ವ ರ್ಯಾಲಿ ಚಾಂಪಿಯನ್‌ಷಿಪ್‌ನ ಮುಖ್ಯ ವರ್ಗವಾಗಿದ್ದ ಗ್ರೂಪ್ ಎ ಯಲ್ಲಿ ಸ್ಪರ್ಧಿಸಬೇಕಾದರೆ, ಸ್ಪರ್ಧೆಯ ಕಾರಿಗೆ ಮೂಲವಾದ ಮಾದರಿಯನ್ನು ಕಂಪನಿಯು ಹನ್ನೆರಡು ತಿಂಗಳೊಳಗೆ 5000ದಷ್ಟು ತಯಾರಿಸಬೇಕಿತ್ತು. ಮುಂದೆ ಈ ಸಂಖ್ಯೆ 2500ಕ್ಕೆ ಇಳಿಯಿತು. ಕಾರಿನ ಮೂಲ ವಿನ್ಯಾಸ, ಮೈಕಟ್ಟು, ಹಿಂದಿನ ರೆಕ್ಕೆ, ಎಂಜಿನ್ನಿಗೆ ಗಾಳಿ ಹೋಗುವ ದಾರಿ ಇವೆಲ್ಲವೂ ಜನರಿಗೆ ಮಾರಿದ ಕಾರಿನಲ್ಲಿ ಹೇಗಿವೆಯೋ ಹೆಚ್ಚುಕಡಿಮೆ ಹಾಗೆಯೇ ಇರಬೇಕು. ಎಂದರೆ, ರ್ಯಾಲಿಯ ಎಂಜಿನಿಯರಿಗೆ ದೊಡ್ಡ ರೆಕ್ಕೆ ಬೇಕೆನಿಸಿದರೆ ಆ ರೆಕ್ಕೆಯಿರುವ ಸಾವಿರಾರು ಸೆಡಾನುಗಳನ್ನು ಮೊದಲು ಜಪಾನಿನ ಗಿರಾಕಿಗಳಿಗೆ ಮಾರಿ ಬರಬೇಕು. ಈ ವಿಚಿತ್ರ ಕಟ್ಟುಪಾಡಿನಿಂದ ಹುಟ್ಟಿದ ಕಾರು ಇದು.

ಇದಕ್ಕೂ ಮೊದಲು ಮಿತ್ಸುಬಿಷಿ ರ್ಯಾಲಿಗಳಲ್ಲಿ ಓಡಿಸುತ್ತಿದ್ದದ್ದು ಗ್ಯಾಲಂಟ್ ವಿಆರ್-4. ಅದರ 1997 ಸಿಸಿ ಟರ್ಬೊ (ಹೊಗೆಯ ಬಲದಿಂದ ಹೆಚ್ಚು ಗಾಳಿ ತುಂಬುವ) ಎಂಜಿನ್ 4ಜಿ63 ಮತ್ತು ನಾಲ್ಕು ಚಕ್ರದ ಚಾಲನೆ ಎರಡೂ ಗಟ್ಟಿಯಾಗಿದ್ದವು. ಆದರೆ ಇಕ್ಕಟ್ಟಾದ ರ್ಯಾಲಿ ರಸ್ತೆಗಳಿಗೆ ಆ ಕಾರಿನ ದೇಹ ದೊಡ್ಡದು, ತೂಕ ಹೆಚ್ಚು. ಅದೇ ಎಂಜಿನ್ನನ್ನೂ ಚಾಲನಾ ವ್ಯವಸ್ಥೆಯನ್ನೂ ಚಿಕ್ಕ ಲ್ಯಾನ್ಸರಿನೊಳಗೆ ಕೂರಿಸಿದಾಗ 1992ರ ಅಕ್ಟೋಬರಿನಲ್ಲಿ ಮೊದಲ ಎವೊ ಬಂದಿತು: ಶಕ್ತಿ 250 ಪಿಎಸ್ (ಅಶ್ವಶಕ್ತಿಯ ಮೆಟ್ರಿಕ್ ಅಳತೆ), ಟಾರ್ಕ್ ಅಂದರೆ ತಿರುಗಿಸುವ ಬಲ 309 ನ್ಯೂಟನ್ ಮೀಟರ್, ಅನುಕೂಲಗಳೆಲ್ಲ ಇರುವ ಜಿಎಸ್‌ಆರ್ ಮಾದರಿಯ ತೂಕ 1240 ಕಿಲೋ. ಆರ್‌ಎಸ್ ಎಂಬ ಇನ್ನೊಂದು ಮಾದರಿಯಲ್ಲಿ ಅನುಕೂಲಗಳನ್ನೆಲ್ಲ ಕಿತ್ತುಹಾಕಿದ್ದರಿಂದ ಅದು 1170 ಕಿಲೋಗೆ ಇಳಿದಿತ್ತು.

ನೇರ ರಸ್ತೆಯಲ್ಲಿ ವೇಗವಾಗಿದ್ದ ಈ ಕಾರಿನ ಮೂತಿ ತಿರುವಿನಲ್ಲಿ ಹೊರಗೆ ಜಾರುತ್ತಿತ್ತು. 1994ರ ಆರಂಭದ ಎವೊ 2ರಲ್ಲಿ ನಡೆದ ಕೆಲಸದ ಬಹುಪಾಲು ಈ ದೋಷವನ್ನು ಸರಿಪಡಿಸುವುದಕ್ಕೇ ಮೀಸಲು. ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ) 10 ಮಿಲಿಮೀಟರ್ ಬೆಳೆದು 2510 ಆಯಿತು, ಟೈರಿನ ಅಗಲ 195ರಿಂದ 205ಕ್ಕೆ ಏರಿತು, ಸಸ್ಪೆನ್ಷನ್ ಜ್ಯಾಮಿತಿ ಬದಲಾಯಿತು. ಶಕ್ತಿ ಮಾತ್ರ 260 ಪಿಎಸ್, ಅಂದರೆ ಹೇಳಿಕೊಳ್ಳುವಷ್ಟು ಏರಿಕೆಯಲ್ಲ. 1995ರ ಸ್ವೀಡಿಷ್ ರ್ಯಾಲಿಯನ್ನು ಕೆನೆತ್ ಎರಿಕ್ಸನ್ ಗೆದ್ದದ್ದು ಇದರಲ್ಲೇ. ಅದೇ ವರ್ಷದ ಎವೊ 3ರಲ್ಲಿ ಸರದಿ ಗಾಳಿಯದು: ಮುಂದಿನ ಬಂಪರಿನ ಬಾಯಿ ಅಗಲವಾಗಿ ತೆರೆದು ಟರ್ಬೊದ ಬಿಸಿಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೂ ಬ್ರೇಕಿಗೂ ಗಾಳಿ ನುಗ್ಗುವಂತಾಯಿತು, ಹಿಂದಿನ ರೆಕ್ಕೆ ದೊಡ್ಡದಾಯಿತು, ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ-ಇಂಧನವನ್ನು ಅದುಮುವ ಪ್ರಮಾಣ) 8.5ರಿಂದ 9ಕ್ಕೆ ಏರಿ ಶಕ್ತಿ 270 ಪಿಎಸ್ ಮುಟ್ಟಿತು. 1996ರಲ್ಲಿ ಫಿನ್ಲೆಂಡಿನ ಚಾಲಕ ಟಾಮಿ ಮ್ಯಾಕಿನೆನ್ ಈ ಕಾರಿನಲ್ಲಿ ಸ್ವೀಡನ್, ಸಫಾರಿ, ಅರ್ಜೆಂಟೀನಾ, ಫಿನ್ಲೆಂಡ್, ಆಸ್ಟ್ರೇಲಿಯಾ ಹೀಗೆ ಐದು ರ್ಯಾಲಿಗಳನ್ನು ಗೆದ್ದು ಮೊದಲ ಬಾರಿಗೆ ವಿಶ್ವ ಚಾಂಪಿಯನ್ ಆದರು.

ನಾಲ್ಕನೆಯದರಿಂದ ಮುಂದಿನದನ್ನು ಎಂಜಿನ್ ಬಲ್ಲವರು ಬರೆದರೆ ಚೆನ್ನ.

ಹೊಸ ಚಾಲಕ

ಸರ್, ಒಂದು ಸಂದೇಹ. ರ್ಯಾಲಿಗೆ ಬೇಕಾದ ಕಾರನ್ನು ಕಾರ್ಖಾನೆಯಲ್ಲಿ ಪ್ರತ್ಯೇಕವಾಗಿ ಹತ್ತೋ ಇಪ್ಪತ್ತೋ ಕಟ್ಟಿಕೊಂಡರೆ ಸಾಕಾಗಿತ್ತಲ್ಲವೇ? ಅಷ್ಟು ಸಾವಿರ ಕಾರುಗಳನ್ನು ಜನರಿಗೆ ಮಾರಬೇಕೆಂಬ ಷರತ್ತನ್ನು ಏಕೆ ಹಾಕಿದರು?

ತುಂಗಾತೀರ (ಶಿವಮೊಗ್ಗ)

ಹಾಗೆ ಕೆಲವೇ ಕಾರು ಕಟ್ಟುವ ಅವಕಾಶ ಹಿಂದಿನ ಗ್ರೂಪ್ ಬಿ ಯಲ್ಲಿ ಇತ್ತು. ಅಲ್ಲಿ 200 ಕಾರು ಸಾಕಾಗಿತ್ತು. ಅದರಿಂದ ಬಂದ ವಾಹನಗಳ ವೇಗ ಅತಿಯಾಗಿ, 1986ರಲ್ಲಿ ಪ್ರೇಕ್ಷಕರೂ ಚಾಲಕರೂ ಸತ್ತ ಅಪಘಾತಗಳ ನಂತರ ಆ ವರ್ಗವನ್ನೇ ನಿಲ್ಲಿಸಲಾಯಿತು. ಸಾವಿರಾರು ಸಂಖ್ಯೆಯ ಷರತ್ತಿನ ಗ್ರೂಪ್ ಎ ಅದರ ಜಾಗಕ್ಕೆ ಬಂದದ್ದೇ ಸ್ಪರ್ಧೆಯ ಕಾರು ಬೀದಿಯ ಕಾರಿನಿಂದ ತೀರ ದೂರ ಹೋಗದಿರಲಿ ಎಂಬ ಉದ್ದೇಶದಿಂದ. ನಿಮ್ಮ ಪ್ರಶ್ನೆಯ ಎರಡನೆಯ ಭಾಗ 1997ರಲ್ಲಿ ಮತ್ತೆ ಎದುರಾಗುತ್ತದೆ, ಅಲ್ಲಿ ಹೇಳುತ್ತೇನೆ.

ಸ್ಪ್ಯಾನರ್ (ಹುಬ್ಬಳ್ಳಿ)

ನಾಲ್ಕನೆಯದನ್ನು ನಾನು ಬರೆಯುತ್ತೇನೆ, ಏಕೆಂದರೆ ಹತ್ತು ಆವೃತ್ತಿಗಳ ಪೈಕಿ ನಿಜವಾದ ತಿರುವು ಅದೇ ಎಂಬುದು ನನ್ನ ಅಭಿಪ್ರಾಯ. 1996ರ ಆಗಸ್ಟಿನಲ್ಲಿ ಬಂದ ಎವೊ 4 ಹೊಸ ಪೀಳಿಗೆಯ ಲ್ಯಾನ್ಸರಿನ ದೇಹದ ಮೇಲೆ ಕಟ್ಟಿದ್ದು. ಆ ಅವಕಾಶವನ್ನು ಬಳಸಿಕೊಂಡು ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡನ್ನೂ 180 ಡಿಗ್ರಿ ತಿರುಗಿಸಿ ಕೂರಿಸಿದರು. ಹೊರಗಿನಿಂದ ನೋಡುವವರಿಗೆ ಕಾಣದ ಈ ಬದಲಾವಣೆಯಿಂದ ಗೇರ್‌ಬಾಕ್ಸಿನೊಳಗಿನ ಒಂದು ನಡುವಿನ ಗೇರಿನ ಅಗತ್ಯವೇ ತಪ್ಪಿತು, ಎಡಬಲಗಳ ತೂಕ ಹೆಚ್ಚು ಸಮವಾಯಿತು, ಜೋರಾಗಿ ಆಕ್ಸಲರೇಟರ್ ಒತ್ತಿದಾಗ ಸ್ಟೀರಿಂಗ್ ಒಂದು ಕಡೆಗೆ ಎಳೆಯುವುದು ಕಡಿಮೆಯಾಯಿತು. ಟ್ವಿನ್ ಸ್ಕ್ರೋಲ್ ಟರ್ಬೊ ಬಂದಿತು, ಅಂದರೆ ನಾಲ್ಕು ಸಿಲಿಂಡರುಗಳ ಹೊಗೆಯನ್ನು ಎರಡು ಪ್ರತ್ಯೇಕ ದಾರಿಗಳಲ್ಲಿ ಟರ್ಬೈನಿಗೆ ತಲುಪಿಸಿ, ಒಂದರ ಒತ್ತಡದ ಅಲೆ ಇನ್ನೊಂದಕ್ಕೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಏರ್ಪಾಡು. ಶಕ್ತಿ 280 ಪಿಎಸ್, ಟಾರ್ಕ್ 353.

ಇದೆಲ್ಲಕ್ಕಿಂತ ಮುಖ್ಯವಾದದ್ದು ಜಿಎಸ್‌ಆರ್ ಮಾದರಿಯ ಹಿಂದಿನ ಡಿಫರೆನ್ಶಿಯಲ್ಲಿಗೆ ಬಂದ ಎವೈಸಿ (ಆಕ್ಟಿವ್ ಯಾ ಕಂಟ್ರೋಲ್). ಸಾಮಾನ್ಯ ಡಿಫರೆನ್ಶಿಯಲ್ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುತ್ತದೆ, ಅಷ್ಟೇ. ಜಾರುವಿಕೆಯನ್ನು ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್ ಎರಡನ್ನೂ ಒಂದಕ್ಕೊಂದು ಕಟ್ಟಿಹಾಕಲು ನೋಡುತ್ತದೆ, ಆಗ ಕಾರು ತಿರುಗಲು ಮೊಂಡು ಹಿಡಿಯುತ್ತದೆ. ಎವೈಸಿಯೊಳಗೆ ಹೆಚ್ಚುವರಿ ಗೇರುಗಳೂ ಹೈಡ್ರಾಲಿಕ್ ಒತ್ತಡದಿಂದ ಕೆಲಸ ಮಾಡುವ ಎರಡು ಕ್ಲಚ್ಚುಗಳೂ ಇದ್ದು, ಸ್ಟೀರಿಂಗಿನ ಕೋನ, ಕಾರಿನ ವೇಗ, ಬದಿಯ ಎಳೆತ ಮುಂತಾದವನ್ನು ಅಳೆದ ಕಂಪ್ಯೂಟರ್ ತಿರುವಿನ ಹೊರಬದಿಯ ಚಕ್ರಕ್ಕೆ ಹೆಚ್ಚು ಟಾರ್ಕ್ ಕಳುಹಿಸುತ್ತದೆ. ದೋಣಿಯನ್ನು ಬಲಕ್ಕೆ ತಿರುಗಿಸಲು ಎಡಗಡೆಯ ಹುಟ್ಟನ್ನು ಜೋರಾಗಿ ಹಾಕುವ ಹಾಗೆ. ಮೂತಿ ಹೊರಗೆ ಜಾರುವ ಹಳೆಯ ಚಾಳಿಗೆ ಇದು ಮೊದಲ ನಿಜವಾದ ಮದ್ದು.

ದೋಷವನ್ನೂ ಹೇಳಿಬಿಡಬೇಕು: ತೂಕ 1350 ಕಿಲೋಗೆ ಏರಿತು. ಮೊದಲ ಎವೊಗಿಂತ 110 ಕಿಲೋ ಹೆಚ್ಚು.

ಕಾಫಿತೋಟ (ಚಿಕ್ಕಮಗಳೂರು)

ನಮ್ಮವರಿಗೆ ಈ ದೇಹ ಗೊತ್ತಿರುವುದೇ. ಹಿಂದುಸ್ತಾನ್ ಮೋಟಾರ್ಸ್ 1998ರಿಂದ ಚೆನ್ನೈ ಬಳಿಯ ತಿರುವಳ್ಳೂರಿನ ಕಾರ್ಖಾನೆಯಲ್ಲಿ ತಯಾರಿಸಿದ ಲ್ಯಾನ್ಸರ್, ಎವೊ 4, 5, 6ಕ್ಕೆ ತಳಹದಿಯಾದ ಅದೇ ಪೀಳಿಗೆಯ ಕಾರು. ಇಲ್ಲಿ ಮುಖ್ಯವಾಗಿ ಬಂದದ್ದು 1.5 ಲೀಟರಿನ ಪೆಟ್ರೋಲು ಮತ್ತು 2 ಲೀಟರಿನ ಡೀಸೆಲು. ಟರ್ಬೊ ಪೆಟ್ರೋಲೂ ನಾಲ್ಕು ಚಕ್ರದ ಚಾಲನೆಯೂ ಬರಲಿಲ್ಲ. 2006ರಲ್ಲಿ ಬಂದ ಮುಂದಿನ ಪೀಳಿಗೆಯ ಲ್ಯಾನ್ಸರ್ ಸೀಡಿಯಾ ಇದೇ ರೀತಿ ಎವೊ 7, 8, 9ರ ದಾಯಾದಿ. ನಮ್ಮ ಜಿಲ್ಲೆಯ ತೋಟದ ರಸ್ತೆಗಳಲ್ಲಿ ನಡೆದ ರಾಷ್ಟ್ರೀಯ ರ್ಯಾಲಿಗಳಲ್ಲಿ ಸೀಡಿಯಾಗಳನ್ನು ನೋಡಿದವರಿಗೆ, ಆ ಚಾಸಿಯೊಳಗೆ ಎಷ್ಟು ಸತ್ವವಿತ್ತು ಎಂಬುದನ್ನು ಹೊಸದಾಗಿ ಹೇಳಬೇಕಾಗಿಲ್ಲ.

ತುಂಗಾತೀರ (ಶಿವಮೊಗ್ಗ)

ಸ್ಪ್ಯಾನರ್ ಅವರಿಗೆ ಧನ್ಯವಾದ. ಈಗ 1997ಕ್ಕೆ ಬರೋಣ. ನನ್ನ ವಾದದ ತಿರುಳು ಇಲ್ಲಿದೆ.

ಆ ವರ್ಷ ವಿಶ್ವ ರ್ಯಾಲಿಯಲ್ಲಿ ವರ್ಲ್ಡ್ ರ್ಯಾಲಿ ಕಾರ್ ಎಂಬ ಹೊಸ ವರ್ಗ ಬಂದಿತು. ಸಾಮಾನ್ಯ ಕುಟುಂಬದ ಕಾರೊಂದನ್ನು ಸಾಕಷ್ಟು ಸಂಖ್ಯೆಯಲ್ಲಿ ಮಾರಿದ್ದರೆ ಸಾಕು, ಅದಕ್ಕೆ ಟರ್ಬೊ, ನಾಲ್ಕು ಚಕ್ರದ ಚಾಲನೆ, ಅಗಲವಾದ ದೇಹ ಇವನ್ನೆಲ್ಲ ರ್ಯಾಲಿಗಾಗಿಯೇ ಸೇರಿಸಿಕೊಳ್ಳಬಹುದು. ಅಂಥ ಜೋಡಣೆಯ ಕಿಟ್ಟುಗಳು 20 ಇದ್ದರೆ ಸಾಕು. ಹೊಸ ಚಾಲಕರು ಕೇಳಿದ್ದ ದಾರಿ ಹೆಚ್ಚುಕಡಿಮೆ ಇದೇ. ಸುಬಾರು, ಫೋರ್ಡ್, ಟೊಯೋಟ ಆ ಕಡೆಗೆ ಹೊರಳಿದವು. ಮಿತ್ಸುಬಿಷಿ ಮಾತ್ರ ಗ್ರೂಪ್ ಎ ಯಲ್ಲೇ ಉಳಿಯಿತು, ತನ್ನ ಪ್ರತಿಯೊಂದು ಸುಧಾರಣೆಯನ್ನೂ ಮೊದಲು ಮಾರಾಟದ ಕಾರಿನಲ್ಲಿ ಹಾಕಿ ತೋರಿಸುತ್ತ ಹೋಯಿತು. ರಸ್ತೆಯ ಎವೊಗಳು ಇಷ್ಟು ಬೇಗಬೇಗ ಬದಲಾದದ್ದು ಮತ್ತು ಇಷ್ಟು ತೀಕ್ಷ್ಣವಾದದ್ದು ಈ ನಿರ್ಧಾರದಿಂದ. ಪ್ರತಿಸ್ಪರ್ಧಿಗಳ ಕೊಳ್ಳುಗರಿಗೆ ಅಂಥ ಲಾಭ ಆ ಪ್ರಮಾಣದಲ್ಲಿ ದಕ್ಕಲಿಲ್ಲ.

1997ರಲ್ಲಿ ಎವೊ 4ರಲ್ಲಿ ಮ್ಯಾಕಿನೆನ್ ಎರಡನೆಯ ಪ್ರಶಸ್ತಿಯನ್ನು ಗೆದ್ದದ್ದು ಒಂದೇ ಒಂದು ಅಂಕದಿಂದ: ಅವರಿಗೆ 63, ಸುಬಾರುವಿನ ಕಾಲಿನ್ ಮೆಕ್‌ರೇಗೆ 62. ಎದುರಾಳಿಗಳ ಹೊಸ ಕಾರುಗಳು ಅಗಲವಾಗಿದ್ದವು, ಎವೊ 4 ಕಿರಿದಾಗಿತ್ತು. ಹಾಗಾಗಿ 1998ರ ಜನವರಿಯಲ್ಲಿ ಬಂದ ಎವೊ 5ರ ಅಗಲ 1690ರಿಂದ ಒಮ್ಮೆಗೇ 1770 ಮಿಲಿಮೀಟರಿಗೆ ಏರಿತು. ಜಪಾನಿನಲ್ಲಿ 1700 ಮಿಲಿಮೀಟರ್ ದಾಟಿದ ಕಾರು ಸಣ್ಣ ಕಾರಿನ ವರ್ಗದಿಂದ ಹೊರಬಿದ್ದು ದೊಡ್ಡ ಕಾರಿನ ನಂಬರ್ ಪ್ಲೇಟು ಪಡೆಯಬೇಕು. ಲ್ಯಾನ್ಸರಿನಂಥ ಪುಟ್ಟ ಸೆಡಾನನ್ನು ಆ ಗೆರೆ ದಾಟಿಸುವುದು ಮಾರಾಟ ವಿಭಾಗದವರು ತಾವಾಗಿ ಕೇಳುವ ಸಂಗತಿಯಲ್ಲ. ಫೆಂಡರುಗಳು ಉಬ್ಬಿದವು, 17 ಇಂಚಿನ ಚಕ್ರಗಳೊಳಗೆ ಬ್ರೆಂಬೊ ಬ್ರೇಕುಗಳು ಬಂದವು, ಟೈರು 225 ಆಯಿತು, ಹಿಂದಿನ ರೆಕ್ಕೆಯ ಕೋನವನ್ನು ಬದಲಿಸಿಕೊಳ್ಳುವ ಸೌಲಭ್ಯ ಬಂದಿತು, ಟಾರ್ಕ್ 373 ಆಯಿತು. ಶಕ್ತಿ ಮಾತ್ರ ಕಾಗದದ ಮೇಲೆ ಅದೇ 280.

ಆ ವರ್ಷದ ಕೊನೆಯ ರ್ಯಾಲಿಯ ಕಥೆಯನ್ನು ಹೇಳದೆ ಮುಂದೆ ಹೋಗುವುದು ಕಷ್ಟ. ಬ್ರಿಟನ್ನಿನಲ್ಲಿ ಮೊದಲ ದಿನವೇ, ಹಳೆಯ ಕಾರುಗಳ ಓಟದಲ್ಲಿ ಯಾವುದೋ ಕಾರು ಚೆಲ್ಲಿ ಹೋಗಿದ್ದ ಎಣ್ಣೆಯ ಮೇಲೆ ಜಾರಿ ಮ್ಯಾಕಿನೆನ್ ಚಕ್ರ ಕಳೆದುಕೊಂಡು ಹೊರಬಿದ್ದರು. ಪ್ರಶಸ್ತಿ ಟೊಯೋಟದ ಚಾಲಕ ಕಾರ್ಲೋಸ್ ಸೈಂಜ್ ಅವರ ಪಾಲಾಯಿತೆಂದು ಎಲ್ಲರೂ ತೀರ್ಮಾನಿಸಿದ್ದಾಗ, ಕೊನೆಯ ಹಂತದ ಕೊನೆಯ ಕೆಲವು ನೂರು ಮೀಟರ್ ಬಾಕಿಯಿರುವಂತೆ ಅವರ ಕೊರೊಲಾದ ಎಂಜಿನ್ ಕೈಕೊಟ್ಟಿತು. ಮ್ಯಾಕಿನೆನ್‌ಗೆ ಮೂರನೆಯ ಪ್ರಶಸ್ತಿ ದಕ್ಕಿತು. ಆ ರ್ಯಾಲಿಯನ್ನು ಗೆದ್ದದ್ದು ಇನ್ನೊಂದು ಎವೊ 5ರಲ್ಲಿದ್ದ ರಿಚರ್ಡ್ ಬರ್ನ್ಸ್. ಮಿತ್ಸುಬಿಷಿಗೆ ತಯಾರಕರ ವಿಶ್ವ ಪ್ರಶಸ್ತಿ ದೊರೆತ ಒಂದೇ ವರ್ಷ ಅದು.

1999ರ ಎವೊ 6ರ ಮುಖದ ಬದಲಾವಣೆಗಳನ್ನು ಹಲವರು ಅಲಂಕಾರವೆಂದು ಭಾವಿಸುತ್ತಾರೆ. ಮಂಜುದೀಪಗಳು ಚಿಕ್ಕದಾಗಿ ಮೂಲೆಗೆ ಸರಿದದ್ದು, ನಂಬರ್ ಪ್ಲೇಟ್ ನಡುವಿನಿಂದ ಪಕ್ಕಕ್ಕೆ ಹೋದದ್ದು ಎರಡೂ ರೇಡಿಯೇಟರ್ ಮತ್ತು ಇಂಟರ್‌ಕೂಲರಿನ ಎದುರಿನ ಗಾಳಿಯ ದಾರಿಯನ್ನು ತೆರವು ಮಾಡಲು. ಎಣ್ಣೆ ತಂಪು ಮಾಡುವ ಕೂಲರ್ ದೊಡ್ಡದಾಯಿತು, ಪಿಸ್ಟನ್ನುಗಳೊಳಗೆ ಎಣ್ಣೆ ಹರಿಯುವ ಕಾಲುವೆ ಬಂದಿತು, ಆರ್‌ಎಸ್ ಮಾದರಿಯಲ್ಲಿ ಟೈಟಾನಿಯಂ ಅಲ್ಯೂಮಿನೈಡಿನ ಹಗುರ ಟರ್ಬೈನ್ ಬಂದಿತು. ಹೊಸ ಶಕ್ತಿ ಒಂದಿಷ್ಟೂ ಇಲ್ಲ. ಇರುವ ಶಕ್ತಿ ಬಿಸಿಲಿನಲ್ಲೂ, ದೀರ್ಘ ಹಂತದ ಕೊನೆಯಲ್ಲೂ ಕುಗ್ಗದಿರಲು ಮಾಡಿದ ಕೆಲಸ ಇದು. ನಾಲ್ಕನೆಯ ಪ್ರಶಸ್ತಿ ಇದರಲ್ಲೇ ಬಂದಿತು. ಆ ಗೌರವಕ್ಕೆಂದು 2000ದಲ್ಲಿ ತಂದ ಟಾಮಿ ಮ್ಯಾಕಿನೆನ್ ಆವೃತ್ತಿಯು ಡಾಂಬರು ರಸ್ತೆಗೆ ತಕ್ಕಂತೆ 10 ಮಿಲಿಮೀಟರ್ ತಗ್ಗಿದ್ದು, ಟೈಟಾನಿಯಂ ಟರ್ಬೈನ್, ಬೇರೆಯೇ ಮುಂಬಂಪರ್, ಬಿಳಿಯ ಎನ್ಕೈ ಚಕ್ರಗಳನ್ನು ಪಡೆದಿತ್ತು. ನನ್ನ ಮಟ್ಟಿಗೆ ಎವೊದ ತುದಿ ಅದೇ.

ಘಟ್ಟದ ತಿರುವು (ಮಡಿಕೇರಿ)

ತುಂಗಾತೀರ ಅವರ ಬರಹ ಸೊಗಸಾಗಿದೆ, ಆದರೆ ಎಲ್ಲವನ್ನೂ ಕಾರ್ಖಾನೆಯ ತಂಡದ ಕಣ್ಣಿನಿಂದ ನೋಡಿದ್ದಾರೆ. ಎವೊವನ್ನು ನಿಜವಾಗಿ ಸಾಕಿದವರು ಸ್ವಂತ ಹಣ ಹಾಕಿ ರ್ಯಾಲಿ ಓಡುತ್ತಿದ್ದ ಖಾಸಗಿ ಸ್ಪರ್ಧಿಗಳು. ಅವರ ವರ್ಗ ಗ್ರೂಪ್ ಎನ್, ಅಲ್ಲಿ ಕಾರು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಇನ್ನೂ ಹತ್ತಿರವಿರಬೇಕು. ಅವರು ಕೊಳ್ಳುತ್ತಿದ್ದದ್ದು ಎವೈಸಿ ಇಲ್ಲದ, ಕೈಯಿಂದ ಕಿಟಕಿ ತಿರುಗಿಸುವ, ಹವಾನಿಯಂತ್ರಣವಿಲ್ಲದ ಆರ್‌ಎಸ್. ಹಿಂದೆ ಸರಳವಾದ ಯಾಂತ್ರಿಕ ಲಿಮಿಟೆಡ್ ಸ್ಲಿಪ್, ಅದು ಕೆಟ್ಟರೆ ರ್ಯಾಲಿಯ ದುರಸ್ತಿ ಡೇರೆಯೊಳಗೇ ಬಿಚ್ಚಿ ಸರಿಮಾಡಬಹುದು. ಸ್ಪ್ಯಾನರ್ ಅವರು ಎವೈಸಿಯನ್ನು ಮದ್ದೆಂದು ಹೊಗಳಿದ್ದು ಸರಿಯೇ, ಆದರೆ ಸ್ಪರ್ಧಿಗಳು ಆ ಮದ್ದು ಬೇಡವೆಂದು ತೂಕ ಉಳಿಸಿಕೊಂಡರು ಎಂಬುದನ್ನೂ ಸೇರಿಸಬೇಕು.

ಫಲಿತಾಂಶ ನೋಡಿ. ಉರುಗ್ವೆಯ ಗುಸ್ತಾವೊ ಟ್ರೆಲ್ಲೆಸ್ 1996ರಿಂದ 1999ರವರೆಗೆ ಸತತ ನಾಲ್ಕು ಬಾರಿ ಈ ವರ್ಗದ ವಿಶ್ವ ಚಾಂಪಿಯನ್. 2000ದಲ್ಲಿ ಆಸ್ಟ್ರಿಯಾದ ಮಾನ್‌ಫ್ರೆಡ್ ಸ್ಟೋಲ್, 2001ರಲ್ಲಿ ಅರ್ಜೆಂಟೀನಾದ ಗೇಬ್ರಿಯಲ್ ಪೊಸ್ಸೊ. 2002ರಲ್ಲಿ ಮಲೇಷ್ಯಾದ ಕರಮ್‌ಜಿತ್ ಸಿಂಗ್ ಗೆದ್ದ ಪ್ರೋಟಾನ್ ಪರ್ಟ್ ಕೂಡ ಎವೊವೇ, ಹೆಸರು ಮಾತ್ರ ಬೇರೆ. ಅಂದಹಾಗೆ, ಲ್ಯಾನ್ಸರ್ ಹೆಸರಿಗೂ ಭಾರತ ಮೂಲದ ಚಾಲಕರಿಗೂ ನಂಟು ಇನ್ನೂ ಹಳೆಯದು: ಕೀನ್ಯಾದ ಜೋಗಿಂದರ್ ಸಿಂಗ್ 1974 ಮತ್ತು 1976ರಲ್ಲಿ ಸಫಾರಿ ರ್ಯಾಲಿಯನ್ನು ಗೆದ್ದದ್ದು ಲ್ಯಾನ್ಸರ್ 1600 ಜಿಎಸ್‌ಆರ್‌ನಲ್ಲಿ. ಎವೊ ಹುಟ್ಟುವುದಕ್ಕೆ ಹದಿನೆಂಟು ವರ್ಷ ಮೊದಲಿನ ಮಾತು.

ಇನ್ನು, 6ನೆಯದೇ ತುದಿ ಎನ್ನುವುದನ್ನು ನಾನು ಒಪ್ಪುವುದಿಲ್ಲ. 2001ರ ಎವೊ 7ರ ವೀಲ್‌ಬೇಸ್ 2625ಕ್ಕೆ ಏರಿತು, ಜಿಎಸ್‌ಆರ್ ತೂಕ 1400 ಕಿಲೋ ಆಯಿತು ಎಂದು ಎಲ್ಲರೂ ಮೂಗು ಮುರಿಯುತ್ತಾರೆ. ಆದರೆ ಅದುವರೆಗೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಡಿಫರೆನ್ಶಿಯಲ್ಲನ್ನು ಬಿಗಿಯುತ್ತಿದ್ದದ್ದು ಕೇವಲ ವಿಸ್ಕಸ್ ಕಪ್ಲಿಂಗ್, ಅಂದರೆ ಅಂಟು ದ್ರವದ ಜೋಡಣೆ. ಎರಡು ತುದಿಗಳ ವೇಗದಲ್ಲಿ ವ್ಯತ್ಯಾಸ ಉಂಟಾದ ಮೇಲೆಯೇ ಅದು ಬಿಗಿಯಾಗಲು ಆರಂಭಿಸುತ್ತದೆ. ಎವೊ 7ರ ಎಸಿಡಿ ಎಂಬ ವ್ಯವಸ್ಥೆ ಆ ಜಾಗದಲ್ಲಿ ಕಂಪ್ಯೂಟರ್ ನಿಯಂತ್ರಿತ ಕ್ಲಚ್ ಇಟ್ಟಿತು. ಡಾಂಬರು, ಜಲ್ಲಿ, ಹಿಮ ಎಂಬ ಮೂರು ಆಯ್ಕೆಗಳು. ಹ್ಯಾಂಡ್‌ಬ್ರೇಕ್ ಎಳೆದ ಕ್ಷಣ ಕ್ಲಚ್ ಸಡಿಲಗೊಂಡು ಕಾರು ತಿರುಗಲು ಅನುವಾಗುತ್ತದೆ. ಎವೈಸಿ ಎಡಬಲಗಳನ್ನು, ಎಸಿಡಿ ಹಿಂದುಮುಂದನ್ನು ನೋಡಿಕೊಳ್ಳತೊಡಗಿದ ಮೇಲೆ ಈ ಕಾರಿನ ತಾಂತ್ರಿಕ ಕಲ್ಪನೆ ಪೂರ್ಣವಾಯಿತು.

ತುಂಗಾತೀರ (ಶಿವಮೊಗ್ಗ)

ಗ್ರೂಪ್ ಎನ್ ಬಗ್ಗೆ ನೀವು ಬರೆದದ್ದು ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ಅಲ್ಲಗಳೆಯುವುದಿಲ್ಲ. ಅಲ್ಲಿಯೂ ಆಳಿದ್ದು ನಿಯಮಪುಸ್ತಕವೇ. ಎಸಿಡಿಯ ಹಿರಿಮೆಯನ್ನು ಒಪ್ಪುತ್ತೇನೆ. ಆದರೆ ಅದೇ 2001ರಲ್ಲಿ, ಸಾನ್‌ರೆಮೊ ರ್ಯಾಲಿಯಿಂದ, ಮಿತ್ಸುಬಿಷಿ ಕೂಡ ಗ್ರೂಪ್ ಎ ಬಿಟ್ಟು ವರ್ಲ್ಡ್ ರ್ಯಾಲಿ ಕಾರಿಗೆ ಹೊರಳಿತು ಎಂಬುದನ್ನು ಗಮನಿಸಿ. ಆ ಹೊಸ ಕಾರು ಗೆಲ್ಲಲಿಲ್ಲ, ಮುಂದಿನ ವರ್ಷ ಮ್ಯಾಕಿನೆನ್ ಸುಬಾರುವಿಗೆ ಹೋದರು, 2005ರ ಕೊನೆಗೆ ಕಂಪನಿ ವಿಶ್ವ ರ್ಯಾಲಿಯಿಂದಲೇ ಹಿಂದೆ ಸರಿಯಿತು. ಅಂದರೆ ಎವೊ 7ರಿಂದ ಮುಂದೆ ರಸ್ತೆಯ ಕಾರಿಗೂ ಕಾರ್ಖಾನೆ ತಂಡದ ಕಾರಿಗೂ ಇದ್ದ ಕರುಳಬಳ್ಳಿ ಕತ್ತರಿಸಿತ್ತು. 2002ರ ಆರಂಭದಲ್ಲೇ ಆಟೊಮ್ಯಾಟಿಕ್ ಗೇರಿನ ಜಿಟಿ-ಎ ಬಂದದ್ದನ್ನು ನೆನಪಿಸಿಕೊಳ್ಳಿ. ಆರ್‌ಎಸ್ ಕೊಳ್ಳುತ್ತಿದ್ದವರಲ್ಲಿ ಒಬ್ಬನಾದರೂ ಅದನ್ನು ಕೇಳಿದ್ದನೆಂದು ನನಗೆ ಅನಿಸುವುದಿಲ್ಲ.

ಹೊಸ ಚಾಲಕ

ನಾಲ್ಕನೆಯದರಿಂದ ಒಂಬತ್ತನೆಯದರವರೆಗೂ ಶಕ್ತಿ 280 ಪಿಎಸ್ ಎಂದೇ ಏಕೆ ಇದೆ? ಹತ್ತು ವರ್ಷ ಎಂಜಿನ್ ಬೆಳೆಯಲೇ ಇಲ್ಲವೇ?

ಸ್ಪ್ಯಾನರ್ (ಹುಬ್ಬಳ್ಳಿ)

ಬೆಳೆಯಿತು, ಹೇಳಿಕೊಳ್ಳಲಿಲ್ಲ. ಜಪಾನಿನ ತಯಾರಕರು 1980ರ ದಶಕದ ಕೊನೆಯಿಂದ 280 ಪಿಎಸ್ ಮೀರಿದ ಕಾರನ್ನು ತಮ್ಮ ದೇಶದಲ್ಲಿ ಮಾರುವುದಿಲ್ಲ ಎಂಬ ಅಲಿಖಿತ ಒಪ್ಪಂದವನ್ನು ಪಾಲಿಸುತ್ತಿದ್ದರು. 2004ರಲ್ಲಿ ಹೋಂಡಾ 300 ಪಿಎಸ್‌ನ ಲೆಜೆಂಡ್ ತಂದಾಗ ಅದು ಮುರಿಯಿತು. ಆದ್ದರಿಂದ ಎವೊಗಳ ನಿಜವಾದ ಬೆಳವಣಿಗೆಯನ್ನು ನೋಡಬೇಕಾದರೆ ಟಾರ್ಕಿನ ಸಾಲನ್ನು ಓದಬೇಕು: ನಾಲ್ಕನೆಯದರಲ್ಲಿ 353, ಐದು ಮತ್ತು ಆರರಲ್ಲಿ 373, ಏಳರಲ್ಲಿ 383, ಎಂಟರಲ್ಲಿ 392, ಒಂಬತ್ತರ ಜಿಎಸ್‌ಆರ್‌ನಲ್ಲಿ 400 ನ್ಯೂಟನ್ ಮೀಟರ್. ಒಪ್ಪಂದದ ಹಂಗಿಲ್ಲದ ಬ್ರಿಟನ್ನಿನಲ್ಲಿ 2004ರಲ್ಲಿ ಇದೇ 2 ಲೀಟರ್ ಎಂಜಿನ್ನನ್ನು ಎಫ್‌ಕ್ಯೂ-400 ಎಂಬ ಹೆಸರಿನಲ್ಲಿ 405 ಅಶ್ವಶಕ್ತಿ‌ಗೆ ಏರಿಸಿ ಮಾರಿದರು. 4ಜಿ63ರ ಬ್ಲಾಕ್ ಎರಕದ ಕಬ್ಬಿಣದ್ದು, ಭಾರ. ಆ ಭಾರದ ಪ್ರತಿಫಲ ಇಂಥ ಕಡೆ ಸಿಗುತ್ತದೆ. ಟೈಮಿಂಗ್ ಬೆಲ್ಟನ್ನೂ ಬ್ಯಾಲೆನ್ಸ್ ಷಾಫ್ಟಿನ ಬೆಲ್ಟನ್ನೂ ಹೊತ್ತಿಗೆ ಸರಿಯಾಗಿ ಬದಲಿಸಿದರೆ ಅದು ಬಹಳ ಕಾಲ ಬಾಳುವ ಎಂಜಿನ್.

ಓಹಾಯೊ ಕನ್ನಡಿಗ

ಎಂಟು ಮತ್ತು ಒಂಬತ್ತರ ಬಗ್ಗೆ ನಾನು ಸ್ವಲ್ಪ ಸೇರಿಸುತ್ತೇನೆ, ಏಕೆಂದರೆ ಅಮೆರಿಕದಲ್ಲಿ ಎವೊ ಅಧಿಕೃತವಾಗಿ ಮಾರಾಟಕ್ಕೆ ಬಂದದ್ದೇ 2003ರಲ್ಲಿ, ಎಂಟನೆಯದರೊಂದಿಗೆ. ಇಲ್ಲಿಗೆ ಬಂದದ್ದು 271 ಅಶ್ವಶಕ್ತಿಯ, ಐದು ಗೇರಿನ, ಎವೈಸಿ ಇಲ್ಲದ ಕಾರು. ಜಪಾನಿನವರಿಗೆ ಅದೇ ಹೊತ್ತಿಗೆ ಆರು ಗೇರಿನ ಪೆಟ್ಟಿಗೆಯೂ, ಹಳೆಯದಕ್ಕಿಂತ ಸುಮಾರು ಎರಡು ಪಟ್ಟು ಟಾರ್ಕನ್ನು ಎಡಬಲಗಳ ನಡುವೆ ಸಾಗಿಸಬಲ್ಲ ಸೂಪರ್ ಎವೈಸಿಯೂ ದೊರೆತಿದ್ದವು. ಎಂಟರ ಮುಖದ ನಡುವಿನ ಮೂಗಿನಂಥ ಆಕಾರವನ್ನು ಇಷ್ಟಪಟ್ಟವರು ಕಡಿಮೆ, ಅದು ಗಾಳಿಗೆ ಅಡ್ಡವೆಂಬ ದೂರೂ ಇತ್ತು. ಒಂಬತ್ತರಲ್ಲಿ ಅದನ್ನು ತೆಗೆದರು.

2004ರ ಎಂಟರ ಎಂಆರ್ ಆವೃತ್ತಿಯಲ್ಲಿ ಬಿಲ್‌ಸ್ಟೈನ್ ಷಾಕ್‌ಅಬ್ಸಾರ್ಬರುಗಳ ಜೊತೆ ಅಲ್ಯೂಮಿನಿಯಂ ಚಾವಣಿ ಬಂದಿತು. ಚಾವಣಿ ಉಳಿಸುವ ತೂಕ ಕಡಿಮೆಯೇ, ಆದರೆ ಅದು ಕಾರಿನ ಅತಿ ಎತ್ತರದ ಜಾಗದಿಂದ ಇಳಿದ ತೂಕವಾದ್ದರಿಂದ ತಿರುವಿನಲ್ಲಿ ಅದರ ಬೆಲೆ ಹೆಚ್ಚು. 2005ರ ಮಾರ್ಚಿನ ಎವೊ 9ಕ್ಕೆ ಒಳಹರಿವಿನ ವಾಲ್ವುಗಳ ಸಮಯವನ್ನು ಬದಲಿಸುವ ಮೈವೆಕ್ ವ್ಯವಸ್ಥೆ ಸೇರಿತು. ಕಡಿಮೆ ವೇಗದಲ್ಲಿ ಟರ್ಬೊ ಎಚ್ಚರಗೊಳ್ಳುವುದಕ್ಕೆ ಕಾಯಬೇಕಾದ ಹೊತ್ತು ಇದರಿಂದ ಗಮನಾರ್ಹವಾಗಿ ಕಡಿಮೆಯಾಯಿತು. ಅದೇ ವರ್ಷ ಜಪಾನಿನಲ್ಲಿ ಎವೊ 9 ವ್ಯಾಗನ್ ಕೂಡ ಬಂದಿತು, ಯಾವ ರ್ಯಾಲಿಯ ಹಂಗೂ ಇಲ್ಲದೆ. ತುಂಗಾತೀರ ಅವರ ಲೆಕ್ಕದಲ್ಲಿ ಅದು ಜಾತಿಗೆಟ್ಟ ಎವೊ ಆಗಬಹುದು; ನನಗಂತೂ ಎಲ್ಲಕ್ಕಿಂತ ಹೆಚ್ಚು ಆಸೆ ಹುಟ್ಟಿಸುವುದು ಅದೇ.

ನನ್ನ ಮತ ಒಂಬತ್ತಕ್ಕೆ. ಜಿಎಸ್‌ಆರ್ 1410 ಕಿಲೋ, ಅಂದರೆ ಏಳಕ್ಕಿಂತ ಕೇವಲ 10 ಕಿಲೋ ಹೆಚ್ಚು, ಹದಿಮೂರು ವರ್ಷ ತಿದ್ದಿದ ಎಂಜಿನ್, ಪೂರ್ಣಗೊಂಡ ಚಾಲನಾ ವ್ಯವಸ್ಥೆ. ಹಳೆಯ ದಾರಿಯಲ್ಲಿ ಹೋಗಬಹುದಾದಷ್ಟು ದೂರ ಹೋದ ಕಾರು.

ಕಾಫಿತೋಟ (ಚಿಕ್ಕಮಗಳೂರು)

ಹತ್ತನೆಯದರ ಪರವಾಗಿ ಯಾರೂ ಮಾತನಾಡದಿರುವುದು ಅನ್ಯಾಯ. ಭಾರತದಲ್ಲಿ ಅಧಿಕೃತವಾಗಿ ಮಾರಾಟವಾದ ಎವೊ ಅದೊಂದೇ. 2010ರಲ್ಲಿ ಪೂರ್ಣ ಆಮದಾಗಿ ಬಂದಿತು, ಆಮದು ಸುಂಕದಿಂದಾಗಿ ಬೆಲೆ ಗಗನಕ್ಕೇರಿ ಬೆರಳೆಣಿಕೆಯ ಜನರ ಕೈಸೇರಿತು. 2007ರ ಅಕ್ಟೋಬರಿನಲ್ಲಿ ಜಪಾನಿನಲ್ಲಿ ಬಂದ ಈ ಕಾರಿನಲ್ಲಿ 4ಜಿ63 ಹೋಗಿ, ಪೂರ್ಣ ಅಲ್ಯೂಮಿನಿಯಂ ಬ್ಲಾಕಿನ, ಬೆಲ್ಟಿನ ಬದಲು ಚೈನು ಇರುವ 4ಬಿ11ಟಿ ಬಂದಿತು. ಎಸಿಡಿ, ಎವೈಸಿ, ಬ್ರೇಕುಗಳ ಎಬಿಎಸ್ ಮತ್ತು ಸ್ಥಿರತಾ ನಿಯಂತ್ರಣ ಎಲ್ಲವನ್ನೂ ಒಂದೇ ಮಿದುಳಿನ ಕೆಳಗೆ ತಂದು ಎಸ್-ಎಡಬ್ಲ್ಯೂಸಿ ಎಂದು ಕರೆದರು. ಎರಡು ಕ್ಲಚ್ಚಿನ ಆರು ಗೇರಿನ ಎಸ್‌ಎಸ್‌ಟಿ ಗೇರ್‌ಬಾಕ್ಸ್ ಬಂದಿತು. ಮಳೆಗಾಲದ ಘಾಟಿಯಲ್ಲಿ, ಎದುರಿಗೆ ಬಸ್ಸು ಯಾವಾಗ ಬರುವುದೋ ತಿಳಿಯದ ತಿರುವಿನಲ್ಲಿ, ಚಾಲಕನನ್ನು ಕ್ಷಮಿಸುವ ಎವೊ ಯಾವುದು ಎಂದು ಕೇಳಿದರೆ ನನ್ನ ಉತ್ತರ ಹತ್ತನೆಯದೇ.

ಘಟ್ಟದ ತಿರುವು (ಮಡಿಕೇರಿ)

ಕ್ಷಮಿಸುವುದು ನಿಜ, ತೂಕವನ್ನು ಮುಚ್ಚಿಡಲಾಗುವುದಿಲ್ಲ. ಹತ್ತನೆಯದರ ಜಿಎಸ್‌ಆರ್ 1520 ಕಿಲೋ, ಎಸ್‌ಎಸ್‌ಟಿ ಇದ್ದರೆ 1540. ಮೊದಲ ಎವೊಗಿಂತ 300 ಕಿಲೋ ಹೆಚ್ಚು. ಎಸ್‌ಎಸ್‌ಟಿ ಬೀದಿಯಲ್ಲಿ ಚುರುಕಾಗಿದ್ದರೂ ಟ್ರ್ಯಾಕಿನ ಮೇಲೆ ಸತತವಾಗಿ ಓಡಿಸಿದರೆ ಎಣ್ಣೆ ಬಿಸಿಯೇರಿ ಎಚ್ಚರಿಕೆ ಕೊಡುತ್ತದೆ. ಕೈಗೇರಿನ ಪೆಟ್ಟಿಗೆಯಲ್ಲಿ ಐದೇ ಗೇರು, ಅದೂ ಎಂಟು ಮತ್ತು ಒಂಬತ್ತರಲ್ಲಿ ಆರು ಇದ್ದ ಮೇಲೆ. ಆದರೂ ಅಲ್ಯೂಮಿನಿಯಂ ಎಂಜಿನ್ ಹಳೆಯದಕ್ಕಿಂತ ಸುಮಾರು 12 ಕಿಲೋ ಹಗುರವಾಗಿ, ಮೂತಿಯ ಭಾರ ಇಳಿದದ್ದನ್ನು ಒಪ್ಪಬೇಕು. ಉಳಿದೆಲ್ಲ ಕಡೆ ಸೇರಿದ ತೂಕ ಆ ಲಾಭವನ್ನು ನುಂಗಿತು.

ಸ್ಪ್ಯಾನರ್ (ಹುಬ್ಬಳ್ಳಿ)

ಹತ್ತನೆಯದರ ಬಗ್ಗೆ ನನ್ನ ತಕರಾರು ಬೇರೆ. 1992ರಿಂದ 2007ರವರೆಗೆ ಎರಡು ವರ್ಷ ಪೂರ್ತಿ ಸುಮ್ಮನಿದ್ದದ್ದೇ ಅಪರೂಪವೆನ್ನುವಂತೆ ಬದಲಾಗುತ್ತ ಬಂದ ಕಾರು, ಹತ್ತನೆಯದಾದ ಮೇಲೆ ಎಂಟು ವರ್ಷ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತು. 2008ರಲ್ಲಿ ಜಪಾನಿನ ಮಾದರಿಯ ಶಕ್ತಿ 300 ಪಿಎಸ್ ಆದದ್ದನ್ನು ಬಿಟ್ಟರೆ ಹೇಳುವಂಥದ್ದು ಕಡಿಮೆ. ತಿದ್ದಲು ಹೇಳುವ ರ್ಯಾಲಿ ವಿಭಾಗ ಇರಲಿಲ್ಲ, ಕಂಪನಿಯ ಗಮನ ಎಸ್‌ಯುವಿಗಳ ಕಡೆಗೂ 2013ರಲ್ಲಿ ಬಂದ ಔಟ್‌ಲ್ಯಾಂಡರ್ ಪ್ಲಗ್-ಇನ್ ಹೈಬ್ರಿಡ್‌ನ ಕಡೆಗೂ ಹೊರಳಿತ್ತು. ಈ ವಿಷಯದಲ್ಲಿ ತುಂಗಾತೀರ ಅವರ ವಾದವನ್ನು ನಾನು ಒಪ್ಪುತ್ತೇನೆ. ಎವೊ 6ರ ಕುರಿತಾದ ಅವರ ಮೋಹವನ್ನು ಮಾತ್ರ ಒಪ್ಪುವುದಿಲ್ಲ, ಅದರ ನಡುವೆ ಇನ್ನೂ ವಿಸ್ಕಸ್ ಕಪ್ಲಿಂಗ್ ಇತ್ತು.

ಹೊಸ ಚಾಲಕ

ಹಾಗಾದರೆ ಕೊನೆಯ ಕಾರು ಯಾವುದು? 2015 ಎಂದು ಕೆಲವರು, 2016 ಎಂದು ಕೆಲವರು ಬರೆಯುತ್ತಾರೆ.

ಓಹಾಯೊ ಕನ್ನಡಿಗ

ಎರಡೂ ಸರಿ. 2015ರಲ್ಲಿ ಫೈನಲ್ ಎಡಿಷನ್ ಎಂಬ ಹೆಸರಿನಲ್ಲಿ ಜಪಾನಿಗೆ 1000, ಅಮೆರಿಕಕ್ಕೆ 1600 ಕಾರುಗಳನ್ನು ಮೀಸಲಿಟ್ಟರು. ಎರಡರಲ್ಲೂ ಎಸ್‌ಎಸ್‌ಟಿ ಇಲ್ಲ, ಐದು ಗೇರಿನ ಕೈಪೆಟ್ಟಿಗೆ ಮಾತ್ರ. ಜಪಾನಿನದಕ್ಕೆ ಒಳಗೆ ಸೋಡಿಯಂ ತುಂಬಿದ ನಿಷ್ಕಾಸ ವಾಲ್ವುಗಳು ಬಂದು 313 ಪಿಎಸ್, 429 ನ್ಯೂಟನ್ ಮೀಟರ್. ಕಾರ್ಖಾನೆಯಿಂದ ಜಪಾನಿನ ಗಿರಾಕಿಗೆ ಸಿಕ್ಕ ಎವೊಗಳಲ್ಲಿ ಕಾಗದದ ಮೇಲೆ ಅತ್ಯಂತ ಶಕ್ತಿಶಾಲಿ ಅದೇ. ಅಮೆರಿಕದ್ದು 303 ಅಶ್ವಶಕ್ತಿ. ತಯಾರಿಕೆ ಮುಗಿದ ಮೇಲೂ ಉಳಿದ ಕಾರುಗಳ ಮಾರಾಟ 2016ರೊಳಕ್ಕೆ ಸಾಗಿದ್ದರಿಂದ ಇಸವಿಯ ಗೊಂದಲ ಉಳಿದಿದೆ. ಅದೇ 2016ರಲ್ಲಿ ಇಂಧನ ಕ್ಷಮತೆಯ ಅಂಕಿಗಳನ್ನು ತಿರುಚಿದ ಹಗರಣ ಹೊರಬಂದು, ನಿಸ್ಸಾನ್ ಕಂಪನಿಯು ಮಿತ್ಸುಬಿಷಿಯ ಶೇಕಡ 34ರಷ್ಟು ಪಾಲನ್ನು ಕೊಂಡಿತು. ಹನ್ನೊಂದನೆಯ ಎವೊ ಕುರಿತು ಆಗಾಗ ಸುದ್ದಿ ಹಬ್ಬುತ್ತದೆ, ಕಾರು ಬಂದಿಲ್ಲ.

ತುಂಗಾತೀರ (ಶಿವಮೊಗ್ಗ)

ಸ್ಪ್ಯಾನರ್ ಅವರಿಗೆ: ಎಸಿಡಿ ಇಲ್ಲದ ಕೊರತೆ ಆರನೆಯದರಲ್ಲಿ ಇದೆ, ಅಲ್ಲಗಳೆಯುವುದಿಲ್ಲ. ಆದರೂ 1360 ಕಿಲೋ ತೂಕದ, ಒಂದೊಂದು ತೂತಿಗೂ ಕಾರಣವಿರುವ ಆ ಕಾರನ್ನು ಬಿಟ್ಟು ಬೇರೊಂದನ್ನು ಆರಿಸಲು ನನಗೆ ಮನಸ್ಸಿಲ್ಲ. ಕೊಳ್ಳುವ ಆಲೋಚನೆ ಇರುವವರು ಯಾರಾದರೂ ವಿದೇಶದಲ್ಲಿದ್ದರೆ ಒಂದು ಮಾತು: ಜಪಾನಿನ 25 ವರ್ಷ ಮೀರಿದ ಕಾರುಗಳನ್ನು ಅಮೆರಿಕಕ್ಕೆ ತರಿಸಿಕೊಳ್ಳಲು ಅವಕಾಶವಿರುವುದರಿಂದ ಮೊದಲ ಆರು ಆವೃತ್ತಿಗಳೂ ಮ್ಯಾಕಿನೆನ್ ಆವೃತ್ತಿಯೂ ಈಗ ಆ ಮಿತಿಯೊಳಗೆ ಬಂದಿವೆ. ಜಿಎಸ್‌ಆರ್ ಕೊಳ್ಳುವುದಾದರೆ, ಅದು ನಾಲ್ಕನೆಯದು ಅಥವಾ ಮುಂದಿನದಾಗಿದ್ದರೆ, ಎವೈಸಿಯ ಹೈಡ್ರಾಲಿಕ್ ಪಂಪು ಕೆಲಸ ಮಾಡುತ್ತಿದೆಯೇ ಎಂದು ಮೊದಲು ನೋಡಿ. ಆರ್‌ಎಸ್ ಸಿಕ್ಕರೆ ಅದರ ದೇಹದ ಬೆಸುಗೆಗಳನ್ನು ನೋಡಿ, ಏಕೆಂದರೆ ಅಂಥ ಕಾರುಗಳಲ್ಲಿ ಬಹುಪಾಲು ಜಲ್ಲಿಯ ಮೇಲೆ ದುಡಿದಿರುತ್ತವೆ.